ಮಾರ್ಕೋವ್ ಸರಪಳಿ
ಮುಂದಿನ ಸ್ಥಿತಿ ಇಂದಿನದನ್ನಷ್ಟೇ ಅವಲಂಬಿಸಿದ, ಅದರ ಹಿಂದಿನದನ್ನು ಲೆಕ್ಕಕ್ಕೆ ಹಿಡಿಯದ ಘಟನೆಗಳ ಸಾಲು. ಹೆಸರು ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್ (1856–1922) ಅವರಿಂದ ಬಂದದ್ದು. 1906ರಲ್ಲಿ ಇಂಥ ಸಾಲುಗಳ ಅಧ್ಯಯನ ಆರಂಭಿಸಿದ ಅವರು, 1913ರಲ್ಲಿ ಪುಷ್ಕಿನ್ ಕಾವ್ಯದ 20,000 ಅಕ್ಷರಗಳಲ್ಲಿ ಸ್ವರ-ವ್ಯಂಜನಗಳ ಸರದಿ ಎಣಿಸಿದರು. ಕೊಂಡಿಗೆ ಕೊಂಡಿ ಸೇರುವ ಅರ್ಥಕ್ಕೆ ಕನ್ನಡದ ‘ಸರಪಳಿ’ ಚೆನ್ನಾಗಿ ಒಪ್ಪುತ್ತದೆ. ‘ಸರಪಣಿ’ ಎಂಬ ರೂಪವೂ ಉಂಟು.

ಬಳಕೆ: 1962ರಲ್ಲಿ ಸಂಶೋಧಕರಾದ ಗೇಬ್ರಿಯಲ್ ಮತ್ತು ನಾಯ್ಮನ್ ಟೆಲ್ ಅವೀವ್‌ನ ದಿನದ ಮಳೆಗೆ ಇದನ್ನು ಅನ್ವಯಿಸಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಒಣಸೀಮೆಗೂ ಬೇಕಾದ ಲೆಕ್ಕವಿದು. ಒಣ ವಾರದ ಮರುವಾರ ಮಳೆಯಾಗುವ ಸಂಭವ 0.2, ಮಳೆವಾರದ ಮರುವಾರ ಒಣಗುವ ಸಂಭವ 0.4 ಎಂದುಕೊಳ್ಳಿ. ದೀರ್ಘಾವಧಿಯಲ್ಲಿ ಮೂರು ವಾರಕ್ಕೊಂದು ಮಳೆವಾರ. ಮೊದಲ ಸಂಖ್ಯೆ 0.1ಕ್ಕೆ ಇಳಿದರೆ ಐದು ವಾರಕ್ಕೊಂದು. ಸ್ಥಿತಿ ಬದಲಾಗುವುದು ಅಪರೂಪವಾದಷ್ಟೂ ಅಷ್ಟೇ ಸಣ್ಣ ವ್ಯತ್ಯಾಸ ಸರಪಳಿಯನ್ನು ಹೆಚ್ಚು ಕದಲಿಸುತ್ತದೆ. ಹಾಗಾಗಿ ತೊಗರಿ, ಜೋಳದ ಬಿತ್ತನೆಗೆ ಸಲಹೆ ಕೊಡುವವರು ಹಳೆಯ ಅಂಕಿಗಳನ್ನೇ ನೆಚ್ಚದೆ, ತಾಲ್ಲೂಕುವಾರು ಮಳೆ ದಾಖಲೆಯಿಂದ ಈ ಸಂಭವಗಳನ್ನು ಆಗಾಗ ಮರುಲೆಕ್ಕ ಹಾಕಲೇಬೇಕು.