ಬೆಂಕಿ ಬಿದ್ದ ದೋಣಿ ಮತ್ತೆ ನೀರಿಗೆ

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತಸದ ಸಂದರ್ಭದಲ್ಲಿ ಷೇರು, ಠೇವಣಿ, ಸಾಲಗಳ ಲೆಕ್ಕ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ನಾವಿಲ್ಲಿ ಹೇಳಹೊರಟಿರುವುದು ಯಾವ ಖಾತೆ ಪುಸ್ತಕಕ್ಕೂ ಸೇರದ ಒಂದು ಆಸ್ತಿಯ ವಿಚಾರ. ಅದು ಅಜ್ಜನ ಕಾಲದಿಂದ ಮನೆಮಂದಿಗೆ ಅನ್ನ ಕೊಟ್ಟ ಮರದ ದೋಣಿ. ಅದಕ್ಕೆ ಬೆಂಕಿ ಬಿದ್ದರೆ ನೋಡಿದವರೆಲ್ಲ, "ಸುಟ್ ಹೋಯ್ತಲ್ಲ, ಇನ್ನೆಂತ ಮಾಡೂದ್? ಕಡ್ದ್ ಒಲಿಗ್ ಹಾಕ್ಕಣಿ" ಎಂದುಬಿಡುತ್ತಾರೆ. ಕೊಡಲಿ ಎತ್ತುವ ಮೊದಲು ಈ ಕರಾವಳಿಯ ದೋಣಿಗಳ ಕಥೆಯನ್ನು ಸ್ವಲ್ಪ ಕೇಳಿ.

14ನೇ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡುಹೋದ ಇಬ್ನ್ ಬತೂತ ಎಂಬ ಪ್ರವಾಸಿ, ಭಾರತ ಮತ್ತು ಯೆಮೆನ್ ದೇಶಗಳ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದು ಬರೆದಿದ್ದಾನೆ. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ತಡೆದುಕೊಳ್ಳುತ್ತದೆ ಎಂಬುದು ಅವನು ಕೊಟ್ಟ ಕಾರಣ. ನಮ್ಮ ಹಿರಿಯರ ರಂಪಣಿ ದೋಣಿಗಳೂ ಹೊಲಿಗೆಯವೇ. 1950ರ ದಶಕದ ಕೊನೆಯಲ್ಲಿ ಯಂತ್ರದ ದೋಣಿಗಳು ಬಂದವು, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಬಲೆಯೊಂದಿಗೆ ಹೊಲಿಯುವ ಕೈಗಳೂ ಕಡಿಮೆಯಾದವು. ಆದರೂ ವಿದ್ಯೆ ಸತ್ತಿಲ್ಲ. ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಯನ್ನು ಸೇರಿತು.

ಇನ್ನು ಬೆಂಕಿಯ ಮಾತು. 2023ರ ನವೆಂಬರ್ 13ರಂದು, ದೀಪಾವಳಿಯ ದಿನಗಳಲ್ಲಿ, ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಸುಟ್ಟುಹೋದವು. ವಾರ ಕಳೆಯುವುದರೊಳಗೆ ವಿಶಾಖಪಟ್ಟಣದ ಬಂದರಿನಲ್ಲಿ ಹತ್ತಾರು ದೋಣಿಗಳು ಉರಿದವು. ಒತ್ತೊತ್ತಾಗಿ ಕಟ್ಟಿದ ದೋಣಿ, ಡೀಸೆಲ್, ಅಡಿಗೆಯ ಗ್ಯಾಸು, ನೈಲಾನ್ ಬಲೆ ಇಷ್ಟಿದ್ದರೆ ಒಂದು ಕಿಡಿ ಸಾಕು. ದೊಡ್ಡವರ ದೇಶದಲ್ಲೂ ಇದೇ ಪಾಡು. 1869ರಲ್ಲಿ ಕಟ್ಟಿದ 'ಕಟ್ಟಿ ಸಾರ್ಕ್' ಎಂಬ ಚಹಾ ಸಾಗಿಸುವ ಹಡಗಿಗೆ ಲಂಡನ್ನಿನ ಗ್ರೀನಿಚ್‌ನಲ್ಲಿ 2007ರ ಮೇ 21ರಂದು ಬೆಂಕಿ ಬಿತ್ತು. ದುರಸ್ತಿಯ ವೇಳೆ ನಿಲ್ಲಿಸದೆ ಬಿಟ್ಟಿದ್ದ ಕಸ ಹೀರುವ ಯಂತ್ರವೇ ಕಾರಣವಿರಬೇಕೆಂದು ತನಿಖೆ ಹೇಳಿತು. ಅದೃಷ್ಟಕ್ಕೆ ಪಟಸ್ತಂಭಗಳನ್ನೂ ಬಹಳಷ್ಟು ಹಲಗೆಗಳನ್ನೂ ರಿಪೇರಿಗೆಂದು ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದರು. ಹಾಗಾಗಿ 2012ರಲ್ಲಿ ಹಡಗು ಮತ್ತೆ ಜನರ ಮುಂದೆ ನಿಂತಿತು.

ಸುಟ್ಟ ದೋಣಿಯಲ್ಲಿ ಉಳಿಯುವುದೇನು ಅಂತೀರಾ? ಬಹಳ ಉಳಿಯುತ್ತದೆ. ಗಟ್ಟಿ ಮರ ಒಮ್ಮೆಲೇ ಬೂದಿಯಾಗುವುದಿಲ್ಲ. ಮೇಲಿನ ಪದರ ಇದ್ದಿಲಾಗಿ, ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಅರ್ಧ ಗಂಟೆ ಉರಿದರೂ ಬೆಂಕಿ ಒಳಗಿಳಿಯುವುದು ಸುಮಾರು ಮುಕ್ಕಾಲು ಅಂಗುಲ. ತೆಳು ಹಲಗೆ ಹೋಗುತ್ತದೆ. ದಪ್ಪನೆಯ ಅಡಿಮರ, ಪಕ್ಕೆಲುಬಿನಂಥ ಕಮಾನುಗಳು ಬದುಕಿರುತ್ತವೆ. ಹೊಲಿದ ದೋಣಿಯಾದರೆ ಮೊದಲು ಸುಡುವುದು ಹುರಿ. ಹುರಿ ಹೊಸದು ಸಿಗುತ್ತದೆ, ಹಲಗೆಯನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹೊಲಿಯಬಹುದು. ಮೊಳೆಯ ದೋಣಿಯಲ್ಲಿ ಕಾವು ಮೊಳೆಯ ಜಾಡು ಹಿಡಿದು ಒಳಗೆ ಹೋಗುತ್ತದೆ. ಮೊಳೆಯ ಸುತ್ತ ಮರ ಕರಿದಾಗಿದ್ದರೆ ಆ ಮೊಳೆಯನ್ನು ನಂಬಬಾರದು.

ಕೆಲಸದ ಕ್ರಮ ಹೀಗೆ. ಮೊದಲು ಅಡಿಮರ ನೆಟ್ಟಗಿದೆಯೇ ಎಂದು ದಾರ ಹಿಡಿದು ನೋಡಬೇಕು. ದೋಣಿಗೆ ಎರಡೂ ಬದಿ ಊರುಗೋಲು ಕೊಟ್ಟು, ಬಾಚಿಯಿಂದ ಇದ್ದಿಲನ್ನು ಹೆರೆದು ಒಳ್ಳೆಯ ಮರ ಕಾಣುವವರೆಗೆ ಹೋಗಬೇಕು. ಕೊಡತಿಯಿಂದ ತಟ್ಟಿದರೆ ಗಟ್ಟಿ ಮರ ಗಟ್ಟಿಯಾಗಿ ಉತ್ತರ ಕೊಡುತ್ತದೆ, ಸತ್ತ ಮರ ಬೊದ್ದೆನ್ನುತ್ತದೆ. ಕಮಾನುಗಳನ್ನು ಒಟ್ಟಿಗೆ ಕೀಳಬಾರದು, ದೋಣಿಯ ಆಕಾರವೇ ಕೆಡುತ್ತದೆ. ಒಂದನ್ನು ತೆಗೆದು, ಅದರ ಅಚ್ಚು ನೋಡಿ ಹೊಸದನ್ನು ಕೂರಿಸಿ, ಆಮೇಲೆ ಇನ್ನೊಂದು. ಹೆಬ್ಬಲಸಿನ ಹಲಗೆ ಹೋದಲ್ಲಿ ಚೆನ್ನಾಗಿ ಒಣಗಿದ ಹೆಬ್ಬಲಸೇ ಬರಬೇಕು. ಹಲಗೆಯ ಸಂದುಗಳಿಗೆ ಹತ್ತಿ ತುಂಬಿ, ಮೀನೆಣ್ಣೆ ಅಥವಾ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು, ಕಡಲಿಗೆ ಹೋಗುವ ಮೊದಲು ಹೊಳೆಯ ನೀರಿನಲ್ಲಿ ನಿಲ್ಲಿಸಬೇಕು. ನೀರು ಕುಡಿದ ಹಲಗೆ ಉಬ್ಬಿ ಸಂದು ತಾನಾಗಿ ಬಿಗಿಯುತ್ತದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ 61 ದಿನಗಳು ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಮಳೆಗೆ ಮರೆಯಾಗಿ ಒಂದು ಚಪ್ಪರ ಬೇಕು ಅಷ್ಟೆ.

ಆದರೆ ಒಂದು ಮಾತು. ಅಡಿಮರವೇ ಸುಟ್ಟು ಬಾಗಿದ್ದರೆ ಮಮತೆಗೆ ಕಟ್ಟುಬಿದ್ದು ಅದನ್ನು ಕಡಲಿಗಿಳಿಸಬಾರದು. ದೋಣಿಯಲ್ಲಿ ಕೂರುವವರು ನಮ್ಮ ಮಕ್ಕಳು. ಅಂಥ ದೋಣಿಯ ಉದ್ದ, ಅಗಲ, ಬಾಗುಗಳ ಅಳತೆ ತೆಗೆದಿಟ್ಟುಕೊಂಡು ಅದೇ ಅಚ್ಚಿನಲ್ಲಿ ಹೊಸದು ಕಟ್ಟಬಹುದು. ಹಳೆಯದರ ಒಂದು ಹಲಗೆ ಹೊಸದಕ್ಕೆ ಸೇರಿದರೂ ಅಜ್ಜನ ಕೈ ಜೊತೆಗಿದ್ದಂತೆಯೇ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಮರದ ದೋಣಿಯ ಅಳತೆಯನ್ನು ಅದು ಚೆನ್ನಾಗಿರುವಾಗಲೇ ಬರೆದಿಡಿ. ದೋಣಿಯಲ್ಲಿ ಒಂದು ಬಾಲ್ದಿ ಮರಳು ಇರಲಿ, ಹಬ್ಬದ ದಿನ ಕಾವಲಿರಲಿ. ಊರಲ್ಲಿ ಉಳಿದಿರುವ ಹಿರಿಯ ಆಚಾರಿಗಳ ಬಳಿ ಹುಡುಗರನ್ನು ಎರಡು ಮಳೆಗಾಲ ಕೂರಿಸಿ. ಸುಟ್ಟ ಹಲಗೆಗೆ ಬದಲಿ ಹಲಗೆ ಸಿಕ್ಕೀತು, ಮರೆತ ಕಸುಬಿಗೆ ಬದಲಿ ಸಿಗದು. ಸಂಘ ಸುವರ್ಣ ಮಹೋತ್ಸವ ಆಚರಿಸುವಾಗಲೂ ನಮ್ಮ ದಡದಲ್ಲಿ ಬಾಚಿಯ ಸದ್ದು ಕೇಳುತ್ತಿರಲಿ ಎಂದು ಹಾರೈಸುತ್ತೇವೆ.