ಕಡಲು ದಾಟಿದ ನಗೆ

ಯೂರೋಪಿನಲ್ಲಿ ಹೆಸರಾದ ಹಾಸ್ಯಚಿತ್ರವೊಂದನ್ನು ಹಾಲಿವುಡ್ಡಿನವರು ಮತ್ತೆ ತೆಗೆಯಲಿದ್ದಾರೆಂಬ ಸುದ್ದಿ ಬಂದಾಗಲೆಲ್ಲ ರಸಿಕರ ಒಂದು ಗುಂಪು ಹುಬ್ಬು ಗಂಟಿಕ್ಕುತ್ತದೆ. ಡಾಲರು ತೆತ್ತು ಕಥೆಯನ್ನು ಕೊಳ್ಳಬಹುದೇ ಹೊರತು ನಗೆಯನ್ನು ಕೊಳ್ಳಲಾಗದು ಎಂಬುದು ಇವರ ವಾದ. ಕಥೆ ಯಾರೊಬ್ಬರ ಪಿತ್ರಾರ್ಜಿತವೂ ಅಲ್ಲ, ನೋಡುವವರಿದ್ದರೆ ತೆಗೆಯಲಿ ಬಿಡಿ ಎಂದು ಇನ್ನೊಂದು ಗುಂಪು ಹೇಳುತ್ತದೆ. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಇದು ಅವರವರ ಅಭಿರುಚಿಗೆ ಬಿಟ್ಟದ್ದೆಂದು ಕೈತೊಳೆದುಕೊಳ್ಳುವ ಮೊದಲು ಚರಿತ್ರೆಯನ್ನು ಕೇಳಿ ನೋಡುವುದು ಲೇಸು. ಹೀಗೆ ಕಡಲು ದಾಟಿದ ಒಂದೆರಡು ಚಿತ್ರಗಳ ಗತಿ ಏನಾಯಿತು, ಏಕೆ ಹಾಗಾಯಿತು ಎಂಬುದನ್ನು ಕಂಡುಕೊಂಡರೆ ತೀರ್ಮಾನಕ್ಕೊಂದು ದಾರಿ ಸಿಕ್ಕೀತು.

ಹಾಸ್ಯದ ಕಥೆ ದೇಶದಿಂದ ದೇಶಕ್ಕೆ ಅಲೆಯುವುದು ಸಿನಿಮಾ ಹುಟ್ಟಿದ ಮೇಲೆ ಬಂದ ಚಾಳಿಯೇನೂ ಅಲ್ಲ. ರೋಮಿನ ಪ್ಲಾಟಸ್ ಕವಿ ಗ್ರೀಕರ ಪ್ರಹಸನಗಳನ್ನು ಲ್ಯಾಟಿನ್ನಿಗೆ ತಿರುಗಿಸಿ ತನ್ನ ಜನರನ್ನು ನಗಿಸಿದ. ಅವನ ಜಿಪುಣನನ್ನು ಮೋಲಿಯೇರ್ 1668ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ಕರೆತಂದ. ಅವನ ಅವಳಿ ಸೋದರರನ್ನು ಷೇಕ್ಸ್‌ಪಿಯರ್ ಎತ್ತಿಕೊಂಡು, ಅವರಿಗೆ ಅವಳಿ ಆಳುಗಳನ್ನೂ ಜೊತೆಮಾಡಿ, ಗೊಂದಲವನ್ನು ಇಮ್ಮಡಿಸಿದ. ಅದೇ ನಾಟಕವನ್ನು ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಬಂಗಾಳಿ ಗದ್ಯದಲ್ಲಿ 'ಭ್ರಾಂತಿವಿಲಾಸ' ಎಂದು ಹೇಳಿದರು, ನಮ್ಮ ಬಿ. ವೆಂಕಟಾಚಾರ್ಯರು ಅದನ್ನು ಕನ್ನಡಕ್ಕೆ ತಂದರು. ಗ್ರೀಸಿನ ಕಡೆಯಿಂದ ಹೊರಟ ಒಂದು ನಗೆ ಹೀಗೆ ಮೈಸೂರು ಸೀಮೆಯವರೆಗೆ ನಡೆದು ಬಂತು. ಇದನ್ನೆಲ್ಲ ಬಲ್ಲವರು, ಮರಳಿ ಹೇಳುವುದೇ ಅಪರಾಧವೆಂದು ಹೇಳಲಾರರು. ವ್ಯಾಸರ ಕಥೆಯನ್ನು ಪಂಪ ಮರಳಿ ಹೇಳಿದ್ದನ್ನು ಮೆಚ್ಚಿಕೊಂಡಿರುವ ನಾವಂತೂ ಹೇಳುವಂತೆಯೇ ಇಲ್ಲ. ಹೇಗೆ ಹೇಳಿದರು ಎಂದಷ್ಟೇ ನಾವು ಕೇಳಬಹುದು.

ಹಾಲಿವುಡ್ಡಿನ ಪರವಾಗಿ ಸಾಕ್ಷಿ ಹೇಳಲು ಒಂದೇ ಒಂದು ಚಿತ್ರ ಸಾಕು: 1959ರಲ್ಲಿ ತೆರೆಗೆ ಬಂದ 'ಸಮ್ ಲೈಕ್ ಇಟ್ ಹಾಟ್'. ಅಮೆರಿಕದ ಚಲನಚಿತ್ರ ಸಂಸ್ಥೆ 2000ದಲ್ಲಿ ಆ ದೇಶದ ಹಾಸ್ಯಚಿತ್ರಗಳನ್ನು ಎಣಿಸಿದಾಗ ಮೊದಲ ಸ್ಥಾನವನ್ನು ಇದಕ್ಕೇ ಕೊಟ್ಟಿತು. ಆದರೆ ಅದರ ಕಥೆಯ ಬೇರು ಇರುವುದು ಯೂರೋಪಿನಲ್ಲಿ. 1935ರಲ್ಲಿ ಫ್ರಾನ್ಸಿನಲ್ಲಿ 'ಫಾನ್‌ಫಾರ್ ದಾಮೂರ್' ಎಂಬ ಚಿತ್ರ ಬಂದಿತ್ತು. 1951ರಲ್ಲಿ ಜರ್ಮನರು ಅದನ್ನೇ 'ಫಾನ್‌ಫಾರೆನ್ ಡೆರ್ ಲೀಬೆ' ಎಂದು ಮತ್ತೆ ತೆಗೆದರು. ಕೆಲಸವಿಲ್ಲದ ಇಬ್ಬರು ವಾದ್ಯಗಾರರು ಹೊಟ್ಟೆಪಾಡಿಗಾಗಿ ಹೆಣ್ಣುವೇಷ ಹಾಕಿ ಹೆಂಗಸರ ವಾದ್ಯಗೋಷ್ಠಿಗೆ ಸೇರುವುದು ಅದರ ವಸ್ತು. ನಗೆಗೆ ಕೊರತೆಯಿಲ್ಲ, ನಿಜ. ಆದರೆ ಸಾಕೆನಿಸಿದ ದಿನ ಸೀರೆ ಕಳಚಿಟ್ಟು ಮನೆಗೆ ಹೋಗಲು ಅವರಿಗೆ ಯಾವ ಅಡ್ಡಿಯಿದೆ?

ನಿರ್ದೇಶಕ ಬಿಲ್ಲಿ ವೈಲ್ಡರನೂ ಅವನ ಜೊತೆಗಾರ ಡೈಮಂಡನೂ ಕೈಯಿಟ್ಟದ್ದು ಈ ಜಾಗಕ್ಕೆ. 1929ರ ಫೆಬ್ರವರಿ 14ರಂದು ಷಿಕಾಗೋ ನಗರದ ಗ್ಯಾರೇಜೊಂದರಲ್ಲಿ ಏಳು ಮಂದಿಯನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದದ್ದುಂಟು. ಆ ಬಗೆಯ ಕೊಲೆಯೊಂದನ್ನು ವಾದ್ಯಗಾರರಿಬ್ಬರೂ ಕಣ್ಣಾರೆ ಕಂಡುಬಿಡುತ್ತಾರೆ. ಇನ್ನು ಅವರ ವೇಷ ಹೊಟ್ಟೆಪಾಡಿನದಾಗಿ ಉಳಿಯುವುದಿಲ್ಲ. ಕಳಚಿದರೆ ಪ್ರಾಣವೇ ಹೋಗುತ್ತದೆ. ಫ್ಲಾರಿಡಾಕ್ಕೆ ಓಡುವ ರೈಲಿನಲ್ಲಿ ನಾವು ನಗುತ್ತಿರುವಾಗಲೂ ಕೊಲೆಗಡುಕರ ಹೆಜ್ಜೆ ನೆನಪಿನಲ್ಲಿರುತ್ತದೆ. ಯೂರೋಪಿನ ಕಥೆಗೆ ಇಲ್ಲದ ಬೆನ್ನೆಲುಬು ಅಮೆರಿಕದ ಮಣ್ಣಿನಲ್ಲಿ, ಅಮೆರಿಕದ ಚರಿತ್ರೆಯಿಂದಲೇ ಬೆಳೆಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಫ್ರೆಂಚ್ ಚಿತ್ರಕ್ಕೆ ಕಥೆ ಬರೆದವರಲ್ಲಿ ಒಬ್ಬನಾದ ರಾಬರ್ಟ್ ಥೋರೆನ್, ನಾತ್ಸಿಗಳು ಅಧಿಕಾರ ಹಿಡಿದಾಗ ಜರ್ಮನಿ ಬಿಟ್ಟು ಫ್ರಾನ್ಸಿಗೆ ಬಂದವನು. ವೈಲ್ಡರನೂ 1933ರಲ್ಲಿ ಬರ್ಲಿನ್ನಿನಿಂದ ಪ್ಯಾರಿಸ್ಸಿಗೆ, ಅಲ್ಲಿಂದ ಅಮೆರಿಕಕ್ಕೆ ಓಡಿದ ಯಹೂದಿ. ಅವನ ತಾಯಿ ಯೂರೋಪಿನಲ್ಲೇ ಉಳಿದು ಆ ಮಹಾಹತ್ಯೆಗೆ ಬಲಿಯಾದಳು. ಡೈಮಂಡ್ ಹುಟ್ಟಿದ್ದೂ ಪೂರ್ವ ಯೂರೋಪಿನಲ್ಲಿ. ಇದನ್ನೆಲ್ಲ ಎಣಿಸಿದರೆ ಆ ಚಿತ್ರವನ್ನು ಹಾಲಿವುಡ್ಡು ಯೂರೋಪಿನಿಂದ ಕದ್ದಿತೆನ್ನಲು ನನಗೆ ನಾಲಿಗೆ ಬಾರದು. ಯೂರೋಪೇ ತನ್ನ ನಗೆಗಾರರನ್ನು ಹೊರಗಟ್ಟಿತು. ಅವರು ತಮ್ಮ ಕಥೆಗಳನ್ನು ಗಂಟುಕಟ್ಟಿಕೊಂಡು ಹೋದರು. ಜೀವ ಉಳಿಸಿಕೊಳ್ಳಲು ಬೇರೊಬ್ಬರಾಗಿ ಬದುಕುವುದೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಎದುರು ಸಾಕ್ಷಿ. ಜಾನ್ ರನ್ವಾರ್ 1932ರಲ್ಲಿ ತೆಗೆದ ಬೂದೂ ಎಂಬ ಅಲೆಮಾರಿಯ ಚಿತ್ರ ಫ್ರೆಂಚರ ಹಾಸ್ಯದಲ್ಲಿ ಒಂದು ಶಿಖರ. ಸೇನ್ ನದಿಗೆ ಹಾರಿದ ಬೂದೂವನ್ನು ಒಬ್ಬ ಪುಸ್ತಕದ ವ್ಯಾಪಾರಿ ಎತ್ತಿ ತಂದು ಮನೆಯಲ್ಲಿಟ್ಟುಕೊಳ್ಳುತ್ತಾನೆ. ಬೂದೂ ಉಪಕಾರ ಸ್ಮರಿಸುವವನಲ್ಲ. ಬಾಲ್ಜಾಕನ ಪುಸ್ತಕದೊಳಗೆ ಉಗುಳುತ್ತಾನೆ, ಯಜಮಾನಿಯನ್ನು ಒಲಿಸಿಕೊಳ್ಳುತ್ತಾನೆ. ಕೊನೆಗೆ ಲಾಟರಿಯ ಹಣ ಬಂದು, ಮನೆಗೆಲಸದ ಹುಡುಗಿಯೊಡನೆ ಮದುವೆಯಾಗಿ, ದೋಣಿಯಲ್ಲಿ ಹೋಗುವಾಗ ದೋಣಿ ಮಗುಚುತ್ತದೆ. ಬೂದೂ ಹೊಳೆಯೊಡನೆ ತೇಲಿಹೋಗಿ ದಡ ಸೇರಿ, ಬೆದರುಬೊಂಬೆಯ ಬಟ್ಟೆ ತೊಟ್ಟು ಮತ್ತೆ ಅಲೆಮಾರಿಯಾಗುತ್ತಾನೆ. ಮೂಲ ನಾಟಕ ಬರೆದ ಫೋಷ್ವಾ ಅವನನ್ನು ಮದುವೆಯಲ್ಲಿ ಕಟ್ಟಿಹಾಕಿದ್ದ. ರನ್ವಾರ್ ಬಿಡಿಸಿ ಕಳುಹಿಸಿದ.

1986ರಲ್ಲಿ ಪಾಲ್ ಮಜುರ್ಸ್ಕಿ ಈ ಕಥೆಯನ್ನು ಸಿರಿವಂತರ ಬೆವರ್ಲಿ ಹಿಲ್ಸಿಗೆ ಒಯ್ದ. ನದಿ ಹೋಗಿ ಈಜುಕೊಳ ಬಂತು. ಪುಸ್ತಕದ ವ್ಯಾಪಾರಿ ಹೋಗಿ ಬಟ್ಟೆ ತೂಗುವ ಹ್ಯಾಂಗರುಗಳ ಕಾರ್ಖಾನೆಯ ಮಾಲಿಕ ಬಂದ. ಚಿತ್ರ ಚೆನ್ನಾಗಿ ಓಡಿತು; ಹಣವಿದ್ದೂ ನೆಮ್ಮದಿಯಿಲ್ಲದವರನ್ನು ಅದು ಲೇವಡಿ ಮಾಡಿದ ರೀತಿ ಸೊಗಸಾಗಿಯೇ ಇದೆ. ಆದರೆ ಅಂತ್ಯವನ್ನು ನೋಡಿ. ಅಲೆಮಾರಿ ಮನೆ ಬಿಟ್ಟು ಹೊರಡುತ್ತಾನೆ, ಬೀದಿಯಲ್ಲಿ ಕಸದಿಂದ ಹೆಕ್ಕಿದ ತಿನಿಸಿಗೆ ಬಾಯಿ ಹಾಕುತ್ತಾನೆ, ಆಮೇಲೆ ಸದ್ದಿಲ್ಲದೆ ಆ ಮನೆಗೇ ಹಿಂದಿರುಗುತ್ತಾನೆ. ಮನೆಯ ಸುಖವೇ ದೊಡ್ಡದೆಂದ ಮೇಲೆ ಅವನು ನಮ್ಮನ್ನು ನೋಡಿ ನಗುವುದಕ್ಕೆ ಏನು ಉಳಿಯಿತು? ರನ್ವಾರನ ಬೂದೂ ನಮ್ಮ ಕುರ್ಚಿ, ಪುಸ್ತಕ, ಪರೋಪಕಾರ ಯಾವುದೂ ತನಗೆ ಬೇಡವೆಂದು ಎದ್ದುಹೋದ. ಆ ನಗೆಯಲ್ಲಿ ನಮ್ಮಂಥ ಸಭ್ಯರಿಗೆ ಒಂದು ಪೆಟ್ಟಿತ್ತು. ಹಾಲಿವುಡ್ಡು ನಗೆಯನ್ನು ಉಳಿಸಿಕೊಂಡು ಪೆಟ್ಟನ್ನು ಕೈಬಿಟ್ಟಿತು.

ಬ್ರಿಟಿಷರ 'ಲೇಡಿಕಿಲ್ಲರ್ಸ್' ಕಥೆ ಇನ್ನೂ ಸೂಕ್ಷ್ಮ. 1955ರಲ್ಲಿ ಈಲಿಂಗ್ ಸ್ಟುಡಿಯೋದಲ್ಲಿ ಮೆಕೆಂಡ್ರಿಕ್ ನಿರ್ದೇಶಿಸಿದ ಆ ಚಿತ್ರದಲ್ಲಿ, ಲಂಡನ್ನಿನ ರೈಲು ನಿಲ್ದಾಣದ ಬಳಿ ಓರೆಯಾಗಿ ನಿಂತ ಹಳೆಯ ಮನೆಯೊಂದರಲ್ಲಿ ಒಬ್ಬ ಮುದುಕಿ ಇದ್ದಾಳೆ. ಐವರು ಕಳ್ಳರು ಸಂಗೀತಗಾರರೆಂದು ನಟಿಸುತ್ತ ಅಲ್ಲಿ ಬಿಡಾರ ಹೂಡುತ್ತಾರೆ. ಗುಟ್ಟು ತಿಳಿದ ಆಕೆಯನ್ನು ಕೊಲ್ಲಬೇಕೆಂದು ಕಡ್ಡಿ ಎತ್ತಿ ಚೀಟಿ ಹಾಕುತ್ತಾರೆ. ಆದರೆ ಅವಳ ಎದುರು ಕೈ ಏಳದೆ ತಾವೇ ಒಬ್ಬೊಬ್ಬರಾಗಿ ಸಾಯುತ್ತಾರೆ. ಯುದ್ಧದಲ್ಲಿ ಸವೆದು, ಪಡಿತರದಿಂದ 1954ರಲ್ಲಷ್ಟೇ ಬಿಡುಗಡೆ ಹೊಂದಿದ ದೇಶ ಅದು. ವಾಲಿದ ಆ ಮನೆ, ಬೀಳದ ಆ ಮುದುಕಿ, ಮುಗಿದೂ ಮುಗಿಯದ ಒಂದು ಯುಗದಂತೆ ಕಾಣುತ್ತಾರೆ. 2004ರಲ್ಲಿ ಕೋಯೆನ್ ಸೋದರರು ಕಥೆಯನ್ನು ಮಿಸಿಸಿಪ್ಪಿಗೆ ಒಯ್ದು, ಚರ್ಚಿನ ಭಕ್ತಿಗೀತೆಗಳನ್ನು ತುಂಬಿ, ಮುದುಕಿಯ ಪಾತ್ರಕ್ಕೆ ಕಪ್ಪು ಜನಾಂಗದ ಹಿರಿಯ ನಟಿ ಅರ್ಮಾ ಹಾಲ್ ಅವರನ್ನು ಆರಿಸಿದರು. ಪ್ರಯತ್ನ ಪ್ರಾಮಾಣಿಕವಾದುದೇ. ಆದರೂ ಮೂಲದಲ್ಲಿ ಕಳ್ಳರ ಕೈ ಕಟ್ಟಿದ್ದು ಅವರ ರಕ್ತದಲ್ಲೇ ಇದ್ದ ಅಜ್ಜಿಯ ಅಂಜಿಕೆ. ಹೊಸ ಚಿತ್ರದ ಕಳ್ಳರ ಬೈಗುಳದ ಬಾಯಲ್ಲಿ ಆ ಅಂಜಿಕೆ ನನಗೆ ಕಾಣಲಿಲ್ಲ.

ಹಾಗಾದರೆ ಮತ್ತೆ ತೆಗೆಯಬೇಕೇ, ಬೇಡವೇ? ತೆಗೆಯಲಿ ಎಂದೇ ನನ್ನ ಮತ. ಆದರೆ ಆ ಕಥೆ ಹೊಸ ಊರಿನಲ್ಲಿ ನಡೆಯಲೇಬೇಕಾದ ಕಾರಣವೊಂದನ್ನು ಮೊದಲು ಕಂಡುಕೊಳ್ಳಲಿ. ವೈಲ್ಡರನಿಗೆ ಆ ಕಾರಣ ದೊರಕಿತ್ತು. ಅದು ದೊರಕದಿದ್ದಾಗ ಘಟನೆಗಳಷ್ಟೇ ಹಡಗು ಹತ್ತುತ್ತವೆ, ನಗೆ ಬಂದರಿನಲ್ಲೇ ಉಳಿಯುತ್ತದೆ.

ಇನ್ನೊಂದು ಷರತ್ತನ್ನು ನಾನು ಇದಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ: ಹೊಸದು ಹಳೆಯದನ್ನು ಹೂಳಬಾರದು. ಇದು ಬರಿಯ ಶಂಕೆಯಲ್ಲ. ಹಾಸ್ಯಚಿತ್ರವಲ್ಲದಿದ್ದರೂ 'ಗ್ಯಾಸ್‌ಲೈಟ್' ಇದಕ್ಕೆ ಉದಾಹರಣೆ. 1940ರ ಬ್ರಿಟಿಷ್ ಚಿತ್ರವನ್ನು 1944ರಲ್ಲಿ ಮತ್ತೆ ತೆಗೆದ ಎಂ.ಜಿ.ಎಂ. ಕಂಪನಿ, ಹಳೆಯದರ ಪ್ರತಿಗಳನ್ನೆಲ್ಲ ನಾಶಮಾಡಿಸಲು ಹವಣಿಸಿತೆಂದು ಚಿತ್ರೇತಿಹಾಸಕಾರರು ಬರೆದಿದ್ದಾರೆ. ಹೇಗೋ ಪ್ರತಿ ಉಳಿದುಕೊಂಡಿತು. ಷೇಕ್ಸ್‌ಪಿಯರನು ಪ್ಲಾಟಸನ ಓಲೆಗಳನ್ನು ಸುಡಲಿಲ್ಲ. ಪಂಪನಿಂದ ವ್ಯಾಸರಿಗೆ ಕುಂದುಂಟಾಗಲಿಲ್ಲ. ಬೆಂಕಿ ಹಚ್ಚದೆಯೂ ಹೂಳುವುದು ಸಾಧ್ಯ: 'ಸಮ್ ಲೈಕ್ ಇಟ್ ಹಾಟ್' ನೋಡಿದ ಲಕ್ಷಾಂತರ ಜನರಲ್ಲಿ ಅದರ ಹಿಂದಿನ ಎರಡು ಚಿತ್ರಗಳ ಹೆಸರು ಕೇಳಿದವರು ಎಷ್ಟು ಮಂದಿ? ಉಪಶೀರ್ಷಿಕೆ ಓದಲು ಬೇಸರಪಡುವ ಪ್ರೇಕ್ಷಕನಿಗೆಂದೇ ಇಂಥ ಚಿತ್ರಗಳು ಹುಟ್ಟುತ್ತವೆಂಬ ಮಾತಿದೆ. ಆ ಬೇಸರವನ್ನು ನಾವಾದರೂ ಬಿಡೋಣ. ಇಂದು ಮನೆಯಲ್ಲೇ ಕುಳಿತು ಬೂದೂವನ್ನು ನೋಡಬಹುದು. ಮೊದಲು ಅವನನ್ನು ನೋಡಿ, ಆಮೇಲೆ ಬೆವರ್ಲಿ ಹಿಲ್ಸಿಗೆ ಹೋಗಲಿ ಎಂಬುದೇ ವಾಚಕರಲ್ಲಿ ನನ್ನ ವಿನಂತಿ.