ಫ್ರೀಡ್ರಿಕ್ ಆಲ್ಟ್‌ಹಾಫ್: ಮಂತ್ರಿಯಾಗದ ವಿದ್ಯಾಧಿಕಾರಿ

ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಶ್ವವಿದ್ಯಾಲಯಗಳ ಕೀರ್ತಿಯನ್ನು ಕುರಿತು ಮಾತು ಬಂದಾಗ ವಾಚಕರಿಗೆ ಕಾಖ್, ಏರ್ಲಿಖ್, ಹಿಲ್ಬರ್ಟ್ ಮೊದಲಾದ ಪಂಡಿತರ ಹೆಸರುಗಳು ನೆನಪಾಗುವುದು ಸಹಜ. ಅಂಥವರಿಗೆ ಪೀಠಗಳನ್ನೂ ಪ್ರಯೋಗಶಾಲೆಗಳನ್ನೂ ದೊರಕಿಸಿಕೊಟ್ಟ ಫ್ರೀಡ್ರಿಕ್ ಆಲ್ಟ್‌ಹಾಫನ ಹೆಸರು ಮಾತ್ರ ಸರಕಾರದ ಕಡತಗಳಲ್ಲಿಯೇ ಉಳಿದುಹೋಗಿದೆ.

ಈತನು 1839ರಲ್ಲಿ ರೈನ್ ಪ್ರಾಂತದ ಡಿನ್ಸ್‌ಲಾಕೆನ್ ಎಂಬ ಊರಿನಲ್ಲಿ ಜನಿಸಿ, ಬಾನ್ ಮತ್ತು ಬರ್ಲಿನ್‌ಗಳಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿದನು. 1871ರಲ್ಲಿ ಆಲ್ಸೇಸ್ ಪ್ರಾಂತವು ಫ್ರಾನ್ಸಿನಿಂದ ಜರ್ಮನಿಯ ವಶವಾದಾಗ, ಸ್ಟ್ರಾಸ್‌ಬರ್ಗಿನ ಹೊಸ ಆಡಳಿತದಲ್ಲಿ ಕಾನೂನು ಸಲಹೆಗಾರನಾಗಿ, ಮತ ಹಾಗೂ ಶಾಲಾ ವಿಷಯಗಳ ಅಧಿಕಾರಿಯಾಗಿ ಸೇರಿದನು. ಮರುವರ್ಷ ಅಲ್ಲಿ ತೆರೆದ ವಿಶ್ವವಿದ್ಯಾಲಯದ ಸ್ಥಾಪನೆಯಲ್ಲಿ ದುಡಿದು, ತಾನೂ ಅಲ್ಲಿಯೇ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾದನು. ಗ್ರಂಥಕರ್ತನೆಂಬ ಹೆಸರು ಅವನಿಗೆ ಬರಲಿಲ್ಲ. ಅದರ ಹಂಬಲವೂ ಇದ್ದಂತೆ ತೋರುವುದಿಲ್ಲ.

1882ರಲ್ಲಿ ಪ್ರಷ್ಯದ ವಿದ್ಯಾಮಂತ್ರಾಲಯವು ಅವನನ್ನು ಬರ್ಲಿನ್ನಿಗೆ ಕರೆಸಿಕೊಂಡಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಮಂತ್ರಿಗಳು ಒಬ್ಬರ ಹಿಂದೊಬ್ಬರು ಬಂದು ಹೋದರು; ಆಲ್ಟ್‌ಹಾಫನು ಕದಲಲಿಲ್ಲ. ಪೀಠವೊಂದು ತೆರವಾದರೆ ಬೋಧಕಮಂಡಲಿಯು ಕೆಲವು ಹೆಸರುಗಳನ್ನು ಸೂಚಿಸುವುದು ಅಲ್ಲಿನ ಪದ್ಧತಿ; ನೇಮಿಸುವ ಅಧಿಕಾರ ಸರಕಾರದ್ದು. ಆಲ್ಟ್‌ಹಾಫನು ಈ ಪಟ್ಟಿಯನ್ನು ಕೇವಲ ಸಲಹೆಯೆಂದೆಣಿಸಿ, ತನ್ನ ನಂಬುಗೆಯ ವಿದ್ವಾಂಸರಿಗೆ ಗುಟ್ಟಾಗಿ ಪತ್ರ ಬರೆದು ವಿಚಾರಿಸಿ, ತನಗೆ ಯೋಗ್ಯನೆಂದು ಕಂಡವನನ್ನು ನೇಮಿಸುತ್ತಿದ್ದನು. ಹೆಸರಾಂತ ಪ್ರಾಧ್ಯಾಪಕರೂ ಅವನ ಕೊಠಡಿಯ ಹೊರಗೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು.

ಫಲವೇನೋ ಅಲ್ಪವಲ್ಲ. 1902ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಹಿಲ್ಬರ್ಟನನ್ನು ಕರೆಯಿತು. ಗಾಟಿಂಗೆನ್ನಿನಲ್ಲಿಯೇ ಉಳಿಯಬೇಕಾದರೆ ತನ್ನ ಮಿತ್ರನಾದ ಮಿಂಕೋವ್‌ಸ್ಕಿಗೂ ಅಲ್ಲಿ ಪೀಠ ಬೇಕೆಂದು ಅವನು ಕೇಳಿದನು. ಆಲ್ಟ್‌ಹಾಫನು ಇಲ್ಲದ ಪೀಠವನ್ನೇ ಸೃಷ್ಟಿಸಿದನು! ಯೆಹೂದ್ಯನಾದುದರಿಂದ ಪೂರ್ಣ ಪ್ರಾಧ್ಯಾಪಕ ಪದವಿ ದುರ್ಲಭವಾಗಿದ್ದ ಏರ್ಲಿಖನಿಗೆ 1896ರಲ್ಲಿ ಸ್ಟೆಗ್ಲಿಟ್ಸ್‌ನಲ್ಲಿಯೂ, 1899ರಲ್ಲಿ ಫ್ರಾಂಕ್‌ಫರ್ಟಿನಲ್ಲಿಯೂ ಸಂಶೋಧನ ಸಂಸ್ಥೆಗಳು ದೊರೆತುದರ ಹಿಂದೆ ಇವನ ಬೆಂಬಲವಿತ್ತು. ಬೋಧಕಮಂಡಲಿಗಳ ಇಚ್ಛೆಗೇ ಎಲ್ಲವನ್ನೂ ಬಿಟ್ಟಿದ್ದರೆ ಇಷ್ಟಾಗುತ್ತಿತ್ತೆಂದು ನನಗೆ ತೋರುವುದಿಲ್ಲ. ಸ್ವಜನಪಕ್ಷಪಾತವು ಪಂಡಿತರನ್ನೂ ಬಿಟ್ಟಿಲ್ಲವಷ್ಟೆ.

ಆದರೆ ಬಾಗಿಲು ತೆರೆಯಬಲ್ಲ ಕೈ ಮುಚ್ಚಲೂ ಬಲ್ಲುದು. ಬರ್ಲಿನ್ನಿನಲ್ಲಿ ಲಿಯೋ ಆರನ್ಸ್ ಎಂಬ ಭೌತಶಾಸ್ತ್ರಜ್ಞನು ಸರಕಾರದ ಸಂಬಳವಿಲ್ಲದೆ ಬೋಧಿಸುತ್ತಿದ್ದನು. ಅವನು ಸಮಾಜವಾದಿ ಪಕ್ಷದವನೆಂಬುದೇ ಅಪರಾಧವಾಯಿತು. ಅವನನ್ನು ತೆಗೆದುಹಾಕಲು ಬೋಧಕಮಂಡಲಿಯು ಒಪ್ಪದಿರಲು, ಅಂಥ ಅಧ್ಯಾಪಕರನ್ನೂ ಸರಕಾರದ ಶಿಸ್ತಿಗೆ ಒಳಪಡಿಸುವ ಕಾನೂನನ್ನು 1898ರಲ್ಲಿ ರಚಿಸಲಾಯಿತು. 1900ರಲ್ಲಿ ಆರನ್ಸ್ ಅಧಿಕಾರವನ್ನು ಕಳೆದುಕೊಂಡನು. ಚಕ್ರವರ್ತಿಯ ಒತ್ತಾಯ ಇದರ ಹಿಂದೆ ಇದ್ದುದು ನಿಜ. ಆದರೂ ವಿಶ್ವವಿದ್ಯಾಲಯಗಳ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದವನು ಇದರ ಹೊಣೆಯಿಂದ ಪೂರ್ತಿಯಾಗಿ ಪಾರಾಗಲಾರನು.

ತಾಂತ್ರಿಕ ಮಹಾವಿದ್ಯಾಲಯಗಳಿಗೆ ಡಾಕ್ಟರ್ ಪದವಿ ನೀಡುವ ಹಕ್ಕು 1899ರಲ್ಲಿ ದೊರೆತುದೂ ಅವನ ಕಾಲದಲ್ಲಿಯೇ. 1907ರಲ್ಲಿ ನಿವೃತ್ತನಾಗಿ, 1908ರ ಅಕ್ಟೋಬರಿನಲ್ಲಿ ಅವನು ತೀರಿಕೊಂಡನು. ಬರ್ಲಿನ್ನಿನ ಅಂಚಿನ ಡಾಲೆಮ್‌ನಲ್ಲಿದ್ದ ಸರಕಾರಿ ಭೂಮಿಯನ್ನು ಸಂಶೋಧನೆಗೆ ಮೀಸಲಿಡಬೇಕೆಂಬ ಅವನ ಯೋಜನೆಯು, 1911ರಲ್ಲಿ ಕೈಸರ್ ವಿಲ್ಹೆಲ್ಮ್ ಸಂಘವು ಸ್ಥಾಪಿತವಾದ ಮೇಲೆ, ರೂಪು ತಳೆಯತೊಡಗಿತು. ಅದೇ ವರ್ಷ ಡ್ರೆಸ್ಡೆನ್‌ನಲ್ಲಿ ನೆರೆದ ಅಧ್ಯಾಪಕರ ಸಮ್ಮೇಳನದಲ್ಲಿ ಮ್ಯಾಕ್ಸ್ ವೇಬರನು ಆಲ್ಟ್‌ಹಾಫನ ಸಜ್ಜನಿಕೆಯನ್ನೂ ದೂರದೃಷ್ಟಿಯನ್ನೂ ಒಪ್ಪಿಕೊಂಡು, ಅವನ ಪದ್ಧತಿಯು ಕಿರಿಯ ವಿದ್ವಾಂಸರ ಶೀಲವನ್ನು ಕೆಡಿಸಿತೆಂದು ಬಹಿರಂಗವಾಗಿ ಆಪಾದಿಸಿದನು.